ಮಗ ಕೇಳಿದ ಕಂಪ್ಯೂಟರ್: ಎಷ್ಟು ಸಾಕು?

ಎಸ್ಸೆಸ್ಸೆಲ್ಸಿ ಫಲಿತಾಂಶ ಬರುವ ದಿನಗಳಲ್ಲಿ ನಮ್ಮ ಅನೇಕ ಮನೆಗಳಲ್ಲಿ ಒಂದು ಬೇಡಿಕೆ ತಲೆಯೆತ್ತುತ್ತದೆ. "ಒಳ್ಳೆಯ ಅಂಕ ಬಂದರೆ ಗೇಮಿಂಗ್ ಕಂಪ್ಯೂಟರ್ ಕೊಡಿಸುತ್ತೇನೆಂದು ಹೇಳಿದ್ದೀರಲ್ಲ ಉಪ್ಪಾ" ಎಂದು ಮಗ ನೆನಪಿಸುತ್ತಾನೆ. ತಂದೆ ಊರಲ್ಲಿದ್ದರೆ ಎದುರು ನಿಂತು ಕೇಳುತ್ತಾನೆ, ಗಲ್ಫ್‌ನಲ್ಲಿದ್ದರೆ ಫೋನಿನಲ್ಲಿ ಕೇಳುತ್ತಾನೆ. ತಾಯಿಯೂ ಮಗನ ಪರವಾಗಿ "ಕಲಿಯುವುದಕ್ಕೂ ಆಗುತ್ತದಲ್ಲ" ಎಂದು ಒಂದು ಮಾತು ಸೇರಿಸುತ್ತಾಳೆ.

ಆಗ ಹಿರಿಯರು ಸಾಮಾನ್ಯವಾಗಿ ಎರಡರಲ್ಲಿ ಒಂದು ದಾರಿ ಹಿಡಿಯುತ್ತಾರೆ. ಕೆಲವರು ಬೇಡಿಕೆಯನ್ನು ಕೇಳಿದೊಡನೆ ತಳ್ಳಿಹಾಕುತ್ತಾರೆ. ಕಂಪ್ಯೂಟರಿನಲ್ಲಿ ಆಡುವುದೆಂದರೆ ಹಾಳಾಗುವುದು ಎಂದು ಅವರು ತೀರ್ಮಾನಿಸಿಯಾಗಿದೆ. ಇನ್ನು ಕೆಲವರು, ವಿಶೇಷವಾಗಿ ವರ್ಷಕ್ಕೊಮ್ಮೆ ಒಂದು ತಿಂಗಳ ರಜೆಯಲ್ಲಿ ಮಾತ್ರ ಮಕ್ಕಳ ಮುಖ ನೋಡುವ ತಂದೆಯಂದಿರು, ಬೆಲೆಯನ್ನೂ ಕೇಳದೆ ಹಣ ಕಳುಹಿಸಿಬಿಡುತ್ತಾರೆ. ಮೊದಲನೆಯವರು ಇದನ್ನು ಶಿಸ್ತು ಎನ್ನುತ್ತಾರೆ, ಎರಡನೆಯವರು ಪ್ರೀತಿ ಎನ್ನುತ್ತಾರೆ. ವಸ್ತುತಃ ಇಬ್ಬರೂ ಒಂದೇ ಕೆಲಸದಿಂದ ತಪ್ಪಿಸಿಕೊಂಡಿದ್ದಾರೆ. ಮಗನ ಬಳಿ ಕುಳಿತು "ನಿನಗೆ ಏನು ಬೇಕು? ಏಕೆ ಬೇಕು? ಎಷ್ಟು ಸಾಕು?" ಎಂದು ಕೇಳುವ ಕೆಲಸ ಅದು.

ಈ ಮೂರನೆಯ ಪ್ರಶ್ನೆಯ ಬಗ್ಗೆ ನಾವಿಲ್ಲಿ ಸ್ವಲ್ಪ ಆಲೋಚಿಸೋಣ. ದುಂದುವೆಚ್ಚ ಮಾಡಬಾರದು, ಜಿಪುಣತನವೂ ಸಲ್ಲದು ಎಂಬ ಬೋಧನೆಯನ್ನು ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಆದರೆ ಈ ಎರಡರ ನಡುವಿನ ದಾರಿ ಎಲ್ಲಿದೆ ಎಂಬುದು ಒಂದೊಂದು ವಸ್ತುವಿನ ವಿಷಯದಲ್ಲೂ ಹುಡುಕಿಯೇ ತಿಳಿಯಬೇಕು. ಅಕ್ಕಿಯ ವಿಷಯದಲ್ಲಿ ಅದು ನಮಗೆ ಗೊತ್ತು, ಬಟ್ಟೆಯ ವಿಷಯದಲ್ಲೂ ಗೊತ್ತು. ಕಂಪ್ಯೂಟರಿನ ವಿಷಯದಲ್ಲಿ ಗೊತ್ತಿಲ್ಲದಿದ್ದರೆ ಮಗನಿಗೆ ಮಧ್ಯಮ ಮಾರ್ಗವನ್ನು ತೋರಿಸುವವರು ಯಾರು?

ಆಟಕ್ಕೆ ಸ್ಥಾನವಿದೆಯೇ?

ಮೊದಲಾಗಿ, ಆಟವೆಂಬುದೇ ತಪ್ಪು ಎಂಬ ಭಾವನೆ ಸರಿಯಲ್ಲ. ಈದ್‌ನ ದಿನ ಅಬಿಸೀನಿಯಾದವರು ಮಸೀದಿಯಲ್ಲಿ ಈಟಿಗಳನ್ನು ಹಿಡಿದು ಆಡುತ್ತಿದ್ದಾಗ ಪ್ರವಾದಿವರ್ಯರು(ಸ) ಅದನ್ನು ತಡೆಯಲಿಲ್ಲ. ಹ. ಆಯಿಶಾ(ರ) ತನಗೆ ಸಾಕೆನಿಸುವವರೆಗೂ ಅದನ್ನು ನೋಡುವಂತೆ ಅವರು ನಿಂತುಕೊಂಡೇ ಇದ್ದರು. ಇಲ್ಲಿ ಗಮನಿಸಬೇಕಾದ ವಿಷಯ ಎರಡಿದೆ. ಎಳೆಯ ಮನಸ್ಸಿಗೆ ಆಟದ ಆಸೆ ಸಹಜ ಎಂಬುದನ್ನು ಒಪ್ಪಿಕೊಳ್ಳಲಾಯಿತು. ಮಾತ್ರವಲ್ಲ, ಹಿರಿಯರೊಬ್ಬರು ಪಕ್ಕದಲ್ಲೇ ಇದ್ದರು.

ಹಾಗೆಂದು ಅಪಾಯವಿಲ್ಲವೆಂದಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿ 2022ರಲ್ಲಿ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ಆಟದ ಗೀಳನ್ನೂ ಸೇರಿಸಿದೆ. ಆದರೆ ಅದರ ಲಕ್ಷಣಗಳನ್ನು ಗಮನವಿಟ್ಟು ನೋಡಬೇಕು. ಆಟದ ಮೇಲೆ ಹಿಡಿತ ತಪ್ಪುವುದು, ಬೇರೆಲ್ಲ ಕೆಲಸಕ್ಕಿಂತ ಆಟವೇ ಮುಖ್ಯವಾಗುವುದು, ಕೆಡುಕಾಗುತ್ತಿದೆಯೆಂದು ಕಂಡರೂ ಬಿಡಲಾಗದಿರುವುದು, ಇದೆಲ್ಲವೂ ಸಾಮಾನ್ಯವಾಗಿ ಹನ್ನೆರಡು ತಿಂಗಳಾದರೂ ಮುಂದುವರಿದಿರುವುದು. ಸಂಜೆ ಒಂದು ಗಂಟೆ ಆಡಿ ಊಟಕ್ಕೆ ಕರೆದಾಗ ಎದ್ದು ಬರುವ ಹುಡುಗ ರೋಗಿಯಲ್ಲ. ಅವನನ್ನು ರೋಗಿಯಂತೆ ಕಂಡರೆ ಅವನು ಪಕ್ಕದ ಮನೆಯಲ್ಲಿ ಅಥವಾ ಹೊದಿಕೆಯೊಳಗೆ ಫೋನ್ ಹಿಡಿದು ಆಡುತ್ತಾನೆ. ಆಗ ನಿಮಗೆ ಏನೂ ಕಾಣುವುದಿಲ್ಲ.

ಇನ್ನೊಂದು ಮಾತು. ಕೊಡಿಸಲು ಹಣವಿಲ್ಲದಿದ್ದರೆ ಅದನ್ನು ಮಗನಿಗೆ ನೇರವಾಗಿ ಹೇಳಿರಿ. "ಈಗ ಮನೆಯ ಸಾಲ ಇದೆ, ಮುಂದಿನ ವರ್ಷ ನೋಡೋಣ" ಎಂದರೆ ಹದಿನಾರರ ಹುಡುಗನಿಗೆ ಅರ್ಥವಾಗುತ್ತದೆ. ಹಣವಿಲ್ಲ ಎಂಬ ಸತ್ಯವನ್ನು ಮರೆಮಾಚಲು "ಅದು ಹರಾಮ್" ಎಂದು ಹೇಳಿದರೆ ಅವನು ಒಂದಲ್ಲ ಒಂದು ದಿನ ಅದನ್ನು ಕಂಡುಹಿಡಿಯುತ್ತಾನೆ. ಆ ಬಳಿಕ ನೀವು ನಿಜವಾದ ಹರಾಮಿನ ಬಗ್ಗೆ ಹೇಳಿದರೂ ಅವನ ಕಿವಿಗೆ ಬೀಳದು.

ಅಳತೆ ತಿಳಿಯದೆ ಮಿತಿ ತಿಳಿಯದು

ಕೊಡಿಸುವುದೆಂದು ತೀರ್ಮಾನಿಸಿದಿರಿ ಎಂದಿಟ್ಟುಕೊಳ್ಳೋಣ. ಆಗ ಮೊದಲ ಕೆಲಸವನ್ನು ಮಗನಿಗೇ ವಹಿಸಿರಿ. ತಾನು ಆಡಬಯಸುವ ಐದು ಆಟಗಳ ಹೆಸರನ್ನು ಅವನು ಕಾಗದದಲ್ಲಿ ಬರೆಯಲಿ. ಪ್ರತಿಯೊಂದು ಆಟವನ್ನು ಮಾರುವ ಕಂಪೆನಿಯೂ ಆ ಆಟಕ್ಕೆ ಕನಿಷ್ಠ ಎಂತಹ ಯಂತ್ರ ಬೇಕು, ಸಾಕಷ್ಟು ಚೆನ್ನಾಗಿ ಆಡಲು ಎಂತಹದು ಬೇಕು ಎಂದು ಪ್ರಕಟಿಸಿರುತ್ತದೆ. ಅವನು ಅದನ್ನೂ ಎದುರಿಗೆ ಬರೆಯಲಿ. ಆಟ ಯಾವ ವಯಸ್ಸಿನವರಿಗೆ ತಕ್ಕುದು ಎಂಬುದನ್ನೂ ಬರೆಯಲಿ. ಯುರೋಪಿನ ಪೆಗಿ ಎಂಬ ವ್ಯವಸ್ಥೆಯು 2003ರಿಂದ ಆಟಗಳ ಮೇಲೆ 3, 7, 12, 16, 18 ಎಂಬ ವಯಸ್ಸಿನ ಗುರುತು ಹಾಕುತ್ತಿದೆ. ಮೈನ್‌ಕ್ರಾಫ್ಟ್‌ಗೆ ಅದು ಕೊಟ್ಟಿರುವುದು 7. ಗ್ರ್ಯಾಂಡ್ ಥೆಫ್ಟ್ ಆಟೋ 5ಕ್ಕೆ ಕೊಟ್ಟಿರುವುದು 18. ಈ ಒಂದು ಹಾಳೆ ಸಿದ್ಧವಾದರೆ ಅರ್ಧ ಚರ್ಚೆ ಮುಗಿದಂತೆ. ಯಾಕೆಂದರೆ ಯಾವ ಆಟ ಮನೆಗೆ ಬರಬಾರದು ಎಂಬುದೂ ಯಂತ್ರ ಎಷ್ಟು ದೊಡ್ಡದಿರಬೇಕು ಎಂಬುದೂ ಅದರಲ್ಲೇ ಕಾಣುತ್ತದೆ.

ಯಂತ್ರದ ಅಳತೆಯನ್ನು ಪರದೆಯಿಂದ ಆರಂಭಿಸುವುದು ಸುಲಭ. ಸಾಧಾರಣ ಮಾನಿಟರಿನಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳಿರುತ್ತವೆ. ಒಟ್ಟು ಸುಮಾರು 20 ಲಕ್ಷ. 4ಕೆ ಎಂದು ಕರೆಯಲ್ಪಡುವ ಪರದೆಯಲ್ಲಿ ಸುಮಾರು 83 ಲಕ್ಷ, ಅಂದರೆ ನಾಲ್ಕು ಪಟ್ಟು. ಇಷ್ಟೂ ಚುಕ್ಕೆಗಳನ್ನು ಸೆಕೆಂಡಿಗೆ ಹತ್ತಾರು ಸಲ ಬಿಡಿಸುವುದು ಗ್ರಾಫಿಕ್ಸ್ ಕಾರ್ಡಿನ ಕೆಲಸ. ಪರದೆ ದೊಡ್ಡದಾದಂತೆ ಕಾರ್ಡಿನ ಬೆಲೆಯೂ ಏರುತ್ತದೆ. ಮಾನಿಟರು ಸೆಕೆಂಡಿಗೆ 60 ಸಲ ಮಾತ್ರ ಚಿತ್ರ ಬದಲಿಸುವಂಥದ್ದಾದರೆ ಯಂತ್ರವು 150 ಚಿತ್ರ ಸಿದ್ಧಪಡಿಸಿದರೂ ಪರದೆ ತೋರಿಸುವುದು 60ನ್ನು ಮಾತ್ರ. ಉಳಿದುದಕ್ಕೆ ಕೊಟ್ಟ ಹಣದ ಬಹುಪಾಲು ವ್ಯರ್ಥ. "ಸಾಕು" ಎಂಬ ಮಾತಿಗೆ ಇಷ್ಟು ಸ್ಪಷ್ಟವಾದ ಅಳತೆ ಸಿಗುವ ವಸ್ತುಗಳು ಬಹಳ ಕಡಿಮೆ. ಇದನ್ನು ಮಗನಿಗೆ ತೋರಿಸಿಕೊಡಿರಿ.

ಮೈನ್‌ಕ್ರಾಫ್ಟ್, ವ್ಯಾಲೊರೆಂಟ್‌ನಂತಹ ಹಗುರ ಆಟಗಳಷ್ಟೇ ಪಟ್ಟಿಯಲ್ಲಿದ್ದರೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡೇ ಬೇಕಾಗದು. ಗ್ರಾಫಿಕ್ಸ್ ಶಕ್ತಿ ತನ್ನೊಳಗೇ ಇರುವ ಪ್ರೊಸೆಸರುಗಳಿವೆ. 2021ರಲ್ಲಿ ಬಂದ ಎಎಂಡಿ ರೈಜನ್ 5 5600ಜಿ ಮತ್ತು 2024ರಲ್ಲಿ ಬಂದ 8600ಜಿ ಈ ಜಾತಿಯವು. ಇವು ಕಂಪ್ಯೂಟರಿನ ರ್‍ಯಾಮನ್ನೇ ಎರವಲು ಪಡೆದು ಕೆಲಸ ಮಾಡುವುದರಿಂದ 16 ಜಿಬಿಯ ಒಂದೇ ಪಟ್ಟಿಗಿಂತ 8 ಜಿಬಿಯ ಎರಡು ಪಟ್ಟಿಗಳನ್ನು ಹಾಕಿಸುವುದು ಮೇಲು. ಇಂದು ಇಷ್ಟರಲ್ಲಿ ಆರಂಭಿಸಿ, ಎರಡು ವರ್ಷದ ನಂತರ ನಿಜವಾಗಿ ಅಗತ್ಯ ಕಂಡರೆ ಕಾರ್ಡ್ ಸೇರಿಸಬಹುದು. 2025ರ ಕೊನೆಯ ತಿಂಗಳುಗಳಲ್ಲಿ ರ್‍ಯಾಮಿನ ಬೆಲೆ ವಿಪರೀತ ಏರಿತು. ಕೃತಕ ಬುದ್ಧಿಮತ್ತೆಗಾಗಿ ಕಟ್ಟುವ ಬೃಹತ್ ಕೇಂದ್ರಗಳು ಅದನ್ನು ರಾಶಿ ರಾಶಿಯಾಗಿ ಕೊಂಡದ್ದು ಮುಖ್ಯ ಕಾರಣ. ಹೀಗಿರುವಾಗ ಕಳೆದ ವರ್ಷ ಯಾರೋ ಕೊಟ್ಟ ಬೆಲೆಪಟ್ಟಿಯನ್ನು ನಂಬಿ ಅಂಗಡಿಗೆ ಹೋಗಬೇಡಿರಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಾಗಲಿ ನಿಮ್ಮ ಊರಿನಲ್ಲಾಗಲಿ ಎರಡು ಮೂರು ಅಂಗಡಿಗಳಲ್ಲಿ ಬಿಡಿಭಾಗಗಳ ದರವನ್ನು ಪ್ರತ್ಯೇಕವಾಗಿ ಬರೆಸಿಕೊಳ್ಳಿರಿ.

ಉಳಿಸಬಾರದ ಕಡೆ ಉಳಿಸುವುದು, ಉಳಿಸಬೇಕಾದ ಕಡೆ ಸುರಿಯುವುದು ನಮ್ಮ ಅಭ್ಯಾಸ. ಬಣ್ಣಬಣ್ಣದ ದೀಪ ಉರಿಯುವ ಫ್ಯಾನ್‌ಗಳಿಗೂ ಗಾಜಿನ ಬಾಗಿಲಿನ ಕ್ಯಾಬಿನೆಟ್‌ಗೂ ಹಣ ಹೋಗುತ್ತದೆ. ಯಂತ್ರಕ್ಕೆ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಮಾತ್ರ ಕ್ಯಾಬಿನೆಟ್ ಜೊತೆಗೆ ಪುಕ್ಕಟೆ ಬಂದದ್ದು! ದೀಪ ಸ್ನೇಹಿತರಿಗೆ ತೋರಿಸಲಿಕ್ಕಾಗಿ ಇರುವಂಥದ್ದು. ಎಸ್‌ಎಂಪಿಎಸ್ ಕೆಟ್ಟರೆ ಜೊತೆಗೆ ಮದರ್‌ಬೋರ್ಡನ್ನೂ ಕೆಡಿಸಬಹುದು. ಕರಾವಳಿಯಲ್ಲೂ ಮಲೆನಾಡಿನಲ್ಲೂ ಏಪ್ರಿಲ್-ಮೇ ತಿಂಗಳ ಗುಡುಗು ಸಿಡಿಲು ಎಂತಹದೆಂದು ನಿಮಗೆ ಗೊತ್ತು. ಅಲ್ಲಿ ಒಳ್ಳೆಯ ಎಸ್‌ಎಂಪಿಎಸ್, ಸರಿಯಾದ ಅರ್ಥಿಂಗ್, ಒಂದು ಯುಪಿಎಸ್ ಇವು ಆಡಂಬರವಲ್ಲ. ಸಿಡಿಲು ಬರುವಾಗ ಪ್ಲಗ್ ಕೀಳುವ ಅಭ್ಯಾಸಕ್ಕೆ ಹಣವೂ ಬೇಡ.

ಗಲ್ಫ್‌ನಿಂದ ಲ್ಯಾಪ್‌ಟಾಪ್ ತರುವವರೂ ಇದ್ದಾರೆ. ಕಾಲೇಜಿಗೆ ಒಯ್ಯಬೇಕಾದ ಅಗತ್ಯವಿದ್ದರೆ ತನ್ನಿರಿ. ಆದರೆ ಹಾಗೆ ತರುವ ಮೊದಲು ಅದರ ವಾರಂಟಿ ಭಾರತದಲ್ಲಿ ನಡೆಯುತ್ತದೆಯೇ ಎಂದು ಕೇಳಿರಿ. ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಚಿಪ್ಪನ್ನು ಮುಂದೆ ಬದಲಿಸಲಾಗುವುದಿಲ್ಲ. ಒಂದೇ ಹೆಸರಿನ ಚಿಪ್ ಒಂದು ಲ್ಯಾಪ್‌ಟಾಪಿನಲ್ಲಿ ಹೆಚ್ಚು ಶಕ್ತಿಯಿಂದಲೂ ಇನ್ನೊಂದರಲ್ಲಿ ಕಡಿಮೆ ಶಕ್ತಿಯಿಂದಲೂ ಕೆಲಸ ಮಾಡುವಂತೆ ಕಂಪೆನಿಗಳು ಕಟ್ಟಿರುತ್ತವೆ. ಹೊರಗಿನ ಚೀಟಿ ನೋಡಿ ಮರುಳಾಗಬಾರದು.

ಹಳೆಯದನ್ನು ಕೊಳ್ಳುವಾಗ

ಹಣ ಕಡಿಮೆಯಿದ್ದವರಿಗೆ ಬಳಸಿದ ಯಂತ್ರ ಒಳ್ಳೆಯ ದಾರಿ. ಅದರಲ್ಲಿ ನಾಚಿಕೆಯೇನೂ ಇಲ್ಲ. ಆದರೆ ಎಚ್ಚರ ಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು. ಇಂಟೆಲ್ ಪ್ರೊಸೆಸರಾದರೆ ಸಾಮಾನ್ಯವಾಗಿ ಎಂಟನೆಯ ತಲೆಮಾರು ಅಥವಾ ನಂತರದ್ದಾಗಿರಬೇಕು. ವಿಂಡೋಸ್ 11ರಲ್ಲಿ ವ್ಯಾಲೊರೆಂಟ್ ಆಡಲಿಕ್ಕೂ ಟಿಪಿಎಂ 2.0 ಕಡ್ಡಾಯ. ಇದನ್ನು ನೋಡದೆ ಅಗ್ಗವೆಂದು ಕೊಂಡುತಂದರೆ ಮಗನ ಕಣ್ಣೀರೇ ಲಾಭ.

ಬಳಸಿದ ಗ್ರಾಫಿಕ್ಸ್ ಕಾರ್ಡುಗಳಿಗೆ ಇನ್ನೊಂದು ಕಥೆಯಿದೆ. ಈಥೀರಿಯಂ ಎಂಬ ಡಿಜಿಟಲ್ ನಾಣ್ಯವನ್ನು ಉತ್ಪಾದಿಸಲು ಜನರು ಇಂತಹ ಕಾರ್ಡುಗಳನ್ನು ಹಗಲಿರುಳು ಓಡಿಸುತ್ತಿದ್ದರು. 2022ರ ಸೆಪ್ಟೆಂಬರ್‌ನಲ್ಲಿ ಆ ನಾಣ್ಯದ ವ್ಯವಸ್ಥೆ ಬದಲಾಗಿ ಕಾರ್ಡುಗಳ ಅಗತ್ಯ ಇಲ್ಲವಾಯಿತು. ಅನೇಕ ಕಾರ್ಡುಗಳು ಹಳೆಯ ವಸ್ತುಗಳ ಮಾರುಕಟ್ಟೆಗೆ ಬಂದವು. ಹಾಗೆ ದುಡಿದ ಕಾರ್ಡೆಲ್ಲ ಕೆಟ್ಟದ್ದೆಂದಲ್ಲ. ಆದರೆ ಅದರ ಇತಿಹಾಸ ಕೇಳುವ ಹಕ್ಕು ಕೊಳ್ಳುವವನಿಗಿದೆ, ಹೇಳುವ ಹೊಣೆ ಮಾರುವವನಿಗಿದೆ. ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಹಾಕಿದಾಗ ಒಳಗೆ ಒದ್ದೆಯಾಗಿದ್ದುದನ್ನು ಕಂಡು ಪ್ರವಾದಿವರ್ಯರು(ಸ) ಆ ವ್ಯಾಪಾರಿಯನ್ನು ಪ್ರಶ್ನಿಸಿದ ಘಟನೆಯನ್ನು ನಾವು ಮಕ್ಕಳಿಗೆ ಕಥೆಯಾಗಿ ಹೇಳುತ್ತೇವೆ. ಅರ್ಧ ಗಂಟೆ ಆಟ ಓಡಿಸಿ, ಬಿಸಿಯನ್ನೂ ಫ್ಯಾನಿನ ಸದ್ದನ್ನೂ ಪರೀಕ್ಷಿಸಿ ಹಣ ಕೊಡುವಾಗ ಮಗ ಪಕ್ಕದಲ್ಲಿರಲಿ. ನಾಳೆ ನಿಮ್ಮ ಮನೆಯ ಹಳೆಯ ಕಂಪ್ಯೂಟರನ್ನು ಮಾರುವಾಗಲೂ ಅವನು ಪಕ್ಕದಲ್ಲಿರಲಿ. "ಇದು ಆಗಾಗ ತಾನಾಗಿ ಆಫ್ ಆಗುತ್ತದೆ" ಎಂದು ನೀವೇ ಮುಂದಾಗಿ ಹೇಳಿ ಎರಡು ಸಾವಿರ ಕಡಿಮೆ ತೆಗೆದುಕೊಳ್ಳುವುದನ್ನು ಅವನು ನೋಡಲಿ. ಆ ಕಥೆ ಆಗ ಅವನಿಗೆ ನಿಜವಾಗಿ ಅರ್ಥವಾಗುತ್ತದೆ.

ಬಿಲ್ಲಿನಲ್ಲಿ ಕಾಣದ ಬೆಲೆ

ಅಗ್ಗದ ಕಂಪ್ಯೂಟರಿನ ಬಿಲ್ಲಿನಲ್ಲಿ ಕಾಣದ ಕೆಲವು ಬೆಲೆಗಳಿವೆ. ಮೊದಲನೆಯದು ಕದ್ದ ವಿಂಡೋಸ್ ಮತ್ತು ಕದ್ದ ಆಟಗಳು. "ಎಲ್ಲ ಹಾಕಿಕೊಡುತ್ತೇನೆ, ಚಿಂತೆ ಬೇಡ" ಎಂದು ಜೋಡಿಸುವವನು ಹೇಳುತ್ತಾನೆ. ನಾವೂ ಸಂತೋಷದಿಂದ ತಲೆಯಾಡಿಸುತ್ತೇವೆ. ಅಂಗಡಿಯಿಂದ ಒಂದು ಪೆನ್ನು ಎತ್ತಿಕೊಂಡು ಬಂದರೆ ಮಗನ ಕಿವಿ ಹಿಂಡುವ ನಾವು ಇಲ್ಲಿ ಏಕೆ ಮೌನ? ಮುಟ್ಟಲು ಸಿಗದ ವಸ್ತುವಿಗೂ ಒಡೆಯನಿದ್ದಾನೆ. ವಿಂಡೋಸ್ ಪರವಾನಗಿಯ ಹಣವನ್ನು ಲೆಕ್ಕದಲ್ಲಿ ಮೊದಲೇ ಸೇರಿಸಿರಿ. ಅದು ಸಾಧ್ಯವಿಲ್ಲದಿದ್ದರೆ ಪುಕ್ಕಟೆಯಾಗಿಯೇ ನ್ಯಾಯವಾಗಿ ಸಿಗುವ ಲಿನಕ್ಸ್ ಇದೆ. ವ್ಯಾಲೊರೆಂಟ್ ಅದರಲ್ಲಿ ನಡೆಯದು, ಆದರೆ ಅನೇಕ ಆಟಗಳು ನಡೆಯುತ್ತವೆ. ಹಣವಿಲ್ಲದೆ ಆಡಲು ಕಂಪೆನಿಗಳೇ ಬಿಟ್ಟಿರುವ ಆಟಗಳೂ, ವರ್ಷದಲ್ಲಿ ಹಲವು ಸಲ ಅರ್ಧ ಬೆಲೆಗೆ ಸಿಗುವ ಆಟಗಳೂ ಇವೆ. ಕದಿಯಬೇಕಾದ ಅಗತ್ಯವೇ ಇಲ್ಲ.

ಎರಡನೆಯದು ಕಂತು. "ನೋ ಕಾಸ್ಟ್ ಇಎಂಐ" ಎಂದು ದೊಡ್ಡ ಅಕ್ಷರದಲ್ಲಿ ಬರೆದಿರುತ್ತದೆ. ಕ್ರೆಡಿಟ್ ಕಾರ್ಡಿನ ಇಂತಹ ಕಂತಿನಲ್ಲಿ ಸಾಮಾನ್ಯವಾಗಿ ಬಡ್ಡಿ ಇದ್ದೇ ಇರುತ್ತದೆ. ಅಷ್ಟು ಮೊತ್ತವನ್ನು ಬೆಲೆಯಲ್ಲಿ ರಿಯಾಯಿತಿಯೆಂದು ಕಳೆದು ತೋರಿಸುತ್ತಾರೆ, ಬಡ್ಡಿಯ ಮೇಲೆ ಶೇಕಡಾ 18 ಜಿಎಸ್‌ಟಿಯನ್ನೂ ಹಾಕುತ್ತಾರೆ. ಇದರ ವಿಧಿಯೇನೆಂದು ತಿಳಿದ ವಿದ್ವಾಂಸರಲ್ಲಿ ಕೇಳಿರಿ. ಆದರೆ ಮಗನ ಆಟಕ್ಕಾಗಿ ಬಡ್ಡಿಯ ಬಾಗಿಲಿನ ಬಳಿ ಸುಳಿಯಬೇಕೇ ಎಂಬ ಪ್ರಶ್ನೆಗೆ ಉತ್ತರಿಸಲು ವಿದ್ವಾಂಸರು ಬೇಕಾಗಿಲ್ಲ. ಆರು ತಿಂಗಳು ಹಣ ಕೂಡಿಡಿರಿ. ಮಗನೂ ಪೆರ್ನಾಲಿನ ದುಡ್ಡನ್ನು ಸೇರಿಸಲಿ. ಕಾದು ಪಡೆದ ವಸ್ತುವನ್ನು ಅವನು ಜೋಪಾನವಾಗಿ ಇಟ್ಟುಕೊಳ್ಳುತ್ತಾನೆ.

ಮೂರನೆಯದು ಆಟದ ಒಳಗಿನ ವ್ಯಾಪಾರ. ಪುಕ್ಕಟೆ ಆಟಗಳು ಉಡುಪು, ಆಯುಧದ ಬಣ್ಣ, ಒಳಗೇನಿದೆಯೆಂದು ತೆರೆದ ಮೇಲಷ್ಟೇ ತಿಳಿಯುವ ಪೆಟ್ಟಿಗೆಗಳನ್ನು ಮಾರಿ ಹಣ ಮಾಡುತ್ತವೆ. ಹಣ ಕೊಟ್ಟು ಅದೃಷ್ಟ ನೋಡುವ ಈ ಪೆಟ್ಟಿಗೆಗೂ ಜೂಜಿಗೂ ಎಷ್ಟು ಅಂತರ? ಕೆಲವು ಆಟಗಳ ಇಂತಹ ಪೆಟ್ಟಿಗೆಗಳು ಜೂಜಿನ ಕಾನೂನಿಗೆ ವಿರುದ್ಧವೆಂದು ಬೆಲ್ಜಿಯಂ 2018ರಲ್ಲೇ ಹೇಳಿತು. ಫೋರ್ಟ್‌ನೈಟ್ ಆಟದ ಕಂಪೆನಿಯಾದ ಎಪಿಕ್ ಗೇಮ್ಸ್, ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹೊರಿಸಿದ ಆರೋಪಗಳ ಮೇರೆಗೆ 52 ಕೋಟಿ ಡಾಲರ್ ಕೊಡಲು 2022ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು. ಬಳಕೆದಾರರು ಬಯಸದೆಯೇ ಖರೀದಿಸಿಬಿಡುವಂತೆ ಆಟವನ್ನು ರೂಪಿಸಲಾಗಿತ್ತು ಎಂಬುದು ಆ ಆರೋಪಗಳಲ್ಲೊಂದು. ಹಣ ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ನಮ್ಮ ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಆದುದರಿಂದ ಮನೆಯ ಬ್ಯಾಂಕ್ ಕಾರ್ಡನ್ನೂ ಯುಪಿಐಯನ್ನೂ ಮಗನ ಆಟದ ಖಾತೆಗೆ ಜೋಡಿಸಬೇಡಿರಿ. ಖರೀದಿಸುವುದಿದ್ದರೆ ಕೇಳಿ, ನಿಮ್ಮ ಎದುರಿನಲ್ಲೇ ಖರೀದಿಸಲಿ.

ಮಗಳ ಪಾಲು

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೆ ಇನ್ನೊಂದು ಲೆಕ್ಕ ಉಳಿದಿದೆ. ಆ ಮನೆಯಲ್ಲಿ ಮಗಳೂ ಇದ್ದಾಳೆ. ಉಮ್ಮನ ಒಡೆದ ಫೋನಿನಲ್ಲಿ ಪಾಠ ನೋಡುತ್ತಾಳೆ. ಅಣ್ಣನ ಆಟಕ್ಕೆ ಕಂಪ್ಯೂಟರ್ ಬಂದಾಗ ಅವಳು ಏನೂ ಕೇಳಲಿಲ್ಲ. ಕೇಳದಿರುವುದು ಅವಳ ಅಗತ್ಯವಿಲ್ಲವೆಂಬುದಕ್ಕೆ ಸಾಕ್ಷಿಯೇ? ತನ್ನ ಒಬ್ಬ ಮಗನಿಗೆ ಮಾತ್ರ ಉಡುಗೊರೆ ಕೊಟ್ಟು ಅದಕ್ಕೆ ಪ್ರವಾದಿವರ್ಯರನ್ನು(ಸ) ಸಾಕ್ಷಿಯಾಗಿಸಲು ಬಂದ ತಂದೆಗೆ ಎದುರಾದ ಪ್ರಶ್ನೆ ಎಲ್ಲ ಮಕ್ಕಳಿಗೂ ಹೀಗೆಯೇ ಕೊಟ್ಟಿದ್ದೀಯಾ ಎಂಬುದಾಗಿತ್ತು. ಇಲ್ಲವೆಂದಾಗ ಮಕ್ಕಳ ನಡುವೆ ನ್ಯಾಯ ಪಾಲಿಸಬೇಕೆಂಬ ಆದೇಶ ಬಂತು. ಬಜೆಟ್ಟಿನ ಯಂತ್ರಕ್ಕೆ ಪರವಾಗಿ ಇದಕ್ಕಿಂತ ದೊಡ್ಡ ವಾದ ನನಗೆ ಕಾಣದು. ಒಂದು ಲಕ್ಷದ ಯಂತ್ರವನ್ನು ಒಬ್ಬನಿಗೆ ಕೊಡುವ ಬದಲು ಅರ್ಧದಲ್ಲಿ ಸಾಕಾಗುವ ಯಂತ್ರವನ್ನು ಮನೆಗೆ ತಂದು, ಇಬ್ಬರಿಗೂ ಬೇರೆ ಬೇರೆ ಖಾತೆ ತೆರೆದು, ಇಬ್ಬರ ಸಮಯವನ್ನೂ ಗೋಡೆಯ ಮೇಲೆ ಬರೆದು ಹಾಕಬಹುದು. ಉಳಿದ ಹಣ ಅವಳ ಕಾಲೇಜಿನ ಫೀಸಿಗೆ ಆದೀತು.

ಯಂತ್ರ ಮನೆಗೆ ಬಂದ ಮೇಲೆ

ಯಂತ್ರ ಎಲ್ಲಿರಬೇಕು? ಬಾಗಿಲು ಮುಚ್ಚುವ ಕೋಣೆಯಲ್ಲಿ ಬೇಡ, ಎಲ್ಲರೂ ಓಡಾಡುವ ಜಾಗದಲ್ಲಿರಲಿ. ಎಷ್ಟು ಹೊತ್ತು ಆಡಬೇಕು? ಚೀನಾದಲ್ಲಿ 2021ರಲ್ಲಿ ಸರಕಾರವೇ ಇದಕ್ಕೆ ನಿಯಮ ಮಾಡಿತು. ಹದಿನೆಂಟರೊಳಗಿನವರು ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನಗಳಲ್ಲಿ ರಾತ್ರಿ ಎಂಟರಿಂದ ಒಂಬತ್ತರವರೆಗೆ ಮಾತ್ರ ಆನ್‌ಲೈನ್ ಆಟ ಆಡಬಹುದೆಂದಿತು. ಸರಕಾರ ಗಡಿಯಾರವನ್ನು ತಡೆಯಬಲ್ಲುದು, ಆಸೆಗೆ ಕಡಿವಾಣ ಹಾಕಲು ಕಲಿಸಲಾರದು. ಅದು ಮನೆಯ ಕೆಲಸ. ನಮ್ಮಲ್ಲಿ ದಿನವನ್ನು ಐದು ಹೊತ್ತಿನ ನಮಾಝ್ ಮೊದಲೇ ಭಾಗಮಾಡಿ ಇಟ್ಟಿದೆ. ಅಸರ್‌ನಿಂದ ಮಗ್ರಿಬ್‌ವರೆಗೆ ಆಟ, ಬಾಂಗ್ ಕೇಳಿದಾಗ ಏಳುವುದು, ಇಶಾದ ಬಳಿಕ ಯಂತ್ರ ಆರಿರುವುದು ಎಂದು ಒಪ್ಪಂದ ಮಾಡಿಕೊಳ್ಳಿರಿ. ತಂಡವಾಗಿ ಆಡುವ ಕೆಲವು ಆಟಗಳಲ್ಲಿ ಒಂದು ಸುತ್ತಿಗೆ ಮುಕ್ಕಾಲು ಗಂಟೆಯಾದರೂ ಆಗಬಹುದು, ನಡುವೆ ಬಿಟ್ಟರೆ ದಂಡವೂ ಉಂಟು. ಇದು ಗೊತ್ತಿದ್ದರೆ "ಬಾಂಗ್‌ಗೆ ಒಂದು ಗಂಟೆಯೊಳಗಿದ್ದರೆ ಹೊಸ ಸುತ್ತು ಆರಂಭಿಸಬೇಡ" ಎಂದು ನ್ಯಾಯವಾಗಿ ಹೇಳಬಹುದು. ಗೊತ್ತಿಲ್ಲದಿದ್ದರೆ ನಡುವೆ ಸ್ವಿಚ್ ತೆಗೆದು ಜಗಳ ಮಾಡಬೇಕಾಗುತ್ತದೆ.

ಆದರೆ ಒಂದು ಷರತ್ತು. ಮಗ ಏಳಬೇಕಾದ ಹೊತ್ತಿಗೆ ತಂದೆಯ ಕೈಯಿಂದಲೂ ಫೋನ್ ಕೆಳಗಿಳಿಯಬೇಕು. ಊಟದ ತಟ್ಟೆಯ ಪಕ್ಕದಲ್ಲಿ ಫೋನ್ ಇಟ್ಟುಕೊಂಡು ಮಗನಿಗೆ ಮಿತಿ ಬೋಧಿಸುವ ತಂದೆಯ ಮಾತಿಗೆ ತೂಕವೆಲ್ಲಿಂದ ಬರಬೇಕು?

ಪ್ರಿಯ ಓದುಗರೇ, ಐದು ವರ್ಷದಲ್ಲಿ ಆ ಕಂಪ್ಯೂಟರ್ ಹಳತಾಗುತ್ತದೆ. ಅದರಲ್ಲಿ ಆಡಿದ ಆಟಗಳ ಹೆಸರೂ ಮರೆತುಹೋಗುತ್ತದೆ. ಆದರೆ ಒಂದು ವಸ್ತುವನ್ನು ಕೊಳ್ಳುವ ಮೊದಲು ಅಗತ್ಯವನ್ನು ಬರೆಯುವುದು, ಅಳತೆ ತಿಳಿದು ನಿಲ್ಲುವುದು, ಕದ್ದದ್ದನ್ನು ಬೇಡವೆನ್ನುವುದು, ತಂಗಿಯ ಪಾಲನ್ನು ನೆನೆಯುವುದು, ಇವೆಲ್ಲ ಅವನ ಜೊತೆ ಉಳಿಯುತ್ತವೆ. ನಾಳೆ ಅವನು ತನ್ನ ದುಡಿಮೆಯ ಹಣದಿಂದ ಬೈಕ್ ಕೊಳ್ಳುತ್ತಾನೆ, ಮನೆ ಕಟ್ಟುತ್ತಾನೆ, ಮದುವೆ ಮಾಡಿಕೊಳ್ಳುತ್ತಾನೆ. ಅಲ್ಲೆಲ್ಲ "ಇನ್ನೂ ಸ್ವಲ್ಪ" ಎಂದು ಕಿವಿಯಲ್ಲಿ ಊದುವವರು ಬಹಳ ಮಂದಿ ಇರುತ್ತಾರೆ. ಈ ವಾರವೇ ಒಂದು ಸಂಜೆ ಅವನ ಪಕ್ಕ ಕುಳಿತು ಆ ಹಾಳೆಯನ್ನು ಬರೆಯಲು ಆರಂಭಿಸಿರಿ.